ಅಜ್ಜಿಯ ಚಿತ್ರದ ಕುಂಕುಮ ಎಲ್ಲಿ ಹೋಯ್ತು? ಪಾರದರ್ಶಕ ಬಣ್ಣಗಳ ಒಳಗುಟ್ಟು

ಕೇಳೋಕೆ ಪುರುಸೊತ್ತಿಲ್ಲ, ಬಸ್ಸಲ್ಲಿ ನಿಂತ್ಕೊಂಡೇ ಓದ್ತೀನಿ ಅನ್ನೋರಿಗೆ ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಕೊಟ್ಟಿದ್ದೀನಿ, ಹಾಗಾಗಿ ಮಾತಿನ ಧಾಟಿ ಹಾಗೇ ಉಳಿದಿದೆ.

ಮೊದಲು ಒಂದು ಪ್ರಶ್ನೆ. ನಿಮ್ಮ ಏರಿಯಾದ ಹಳೇ ಕಟಿಂಗ್ ಶಾಪ್‌ನ ಗಾಜಿಗೆ ಅಂಟಿಸಿರೋ ಹೇರ್‌ಸ್ಟೈಲ್ ಪೋಸ್ಟರ್ ನೋಡಿದ್ದೀರಾ? ವರ್ಷಗಟ್ಟಲೆ ಬಿಸಿಲು ತಿಂದ ಆ ಮಾಡೆಲ್‌ಗಳ ಮುಖ ಎಲ್ಲಾ ನೀಲಿ. ತುಟಿ ನೀಲಿ, ಕೆನ್ನೆ ನೀಲಿ. ಕೆಂಪು, ಹಳದಿ ಎರಡೂ ಹೋಗಿ ನೀಲಿ ಮತ್ತು ಕಪ್ಪು ಮಾತ್ರ ಉಳಿದಿರುತ್ತೆ. ಯಾಕೆ ಹಾಗೆ? ಇದೇ ಪ್ರಶ್ನೆ ನನ್ನನ್ನ ಒಂದು ವರ್ಷ ಕಾಡಿತು. ಯಾಕಂದ್ರೆ ನಾನೇ ಬರೆದ ಒಂದು ಚಿತ್ರಕ್ಕೂ ಹೀಗೇ ಆಯ್ತು.

ಒಂದು ಬೊಟ್ಟಿನ ಕಥೆ

ನಾನು ಓದಿದ್ದು ಬಿ.ಕಾಂ. ಚಿತ್ರಕಲೆ ಕಲಿತವನಲ್ಲ. ಲಾಕ್‌ಡೌನ್ ಟೈಮಲ್ಲಿ ಬೇಜಾರಾಗಿ ಸ್ಟೇಷನರಿ ಅಂಗಡಿಯಿಂದ ಇನ್ನೂರು ಚಿಲ್ಲರೆ ರೂಪಾಯಿಗೆ 24 ಬಣ್ಣದ ವಾಟರ್‌ಕಲರ್ ಡಬ್ಬಿ ತಂದೆ. ಆರು ತಿಂಗಳು ಕೈ ಪಳಗಿಸಿ, ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ ಅವರದ್ದೇ ಒಂದು ಚಿತ್ರ ಬರೆದುಕೊಟ್ಟೆ. ಕನಕಾಂಬರ ಬಣ್ಣದ ಸೀರೆ, ಹಣೆ ಮೇಲೆ ಕಾಸಗಲ ಕುಂಕುಮ. ತಿಪಟೂರಿನ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಎದುರು ಗೋಡೆಗೆ ಅದನ್ನ ನೇತುಹಾಕಿದರು.

ಎರಡು ವರ್ಷ ಆದ್ಮೇಲೆ ಹೋದಾಗ ನೋಡಿದರೆ ಮುಖ ಬಿಳಿಚಿಕೊಂಡಿದೆ. ಸೀರೆ ಒಣಗಿದ ಎಲೆ ಬಣ್ಣಕ್ಕೆ ತಿರುಗಿದೆ. ಕುಂಕುಮ ಇದ್ದ ಜಾಗದಲ್ಲಿ ತೆಳ್ಳಗೆ ಒಂದು ಕಲೆ, ಅಷ್ಟೇ. ಆ ಹೊತ್ತಿಗೆ ತಾತ ಆಸ್ಪತ್ರೆಯಿಂದ ಮನೆಗೆ ಬಂದು ಹದಿನೈದು ದಿನ ಆಗಿತ್ತು. ಚಿಕ್ಕಮ್ಮ ಅಡುಗೆಮನೆಗೆ ಕರೆದು, ‘ಚಿತ್ರದಲ್ಲಿ ಕುಂಕುಮ ಅಳಿಸೋದು ಒಳ್ಳೇದಲ್ಲ, ಸದ್ದಿಲ್ಲದೆ ತೆಗೆದಿಟ್ಟುಬಿಡು’ ಅಂದ್ರು. ನಾನು ಶಕುನ ನಂಬೋನಲ್ಲ. ಆದರೂ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಜ್ಜಿ ಮಾತ್ರ ಕನ್ನಡಕ ಏರಿಸಿ ನೋಡಿ, ‘ಬಣ್ಣ ಹೋದ್ರೆ ಬಣ್ಣದ ತಪ್ಪು, ನಂದೇನು?’ ಅಂದ್ರು.

ಸರಿ, ಬಣ್ಣದ ತಪ್ಪೇನು ಅಂತ ಹುಡುಕೋಣ ಅಂತ ಹೊರಟೆ. ಆ ಹುಡುಕಾಟದಲ್ಲಿ ಸಿಕ್ಕಿದ್ದು ಒಂದು ಮಾತು: ಪಾರದರ್ಶಕ ಬಣ್ಣ. ಅದು ಅರ್ಥ ಆದ್ರೆ ಬಣ್ಣ ಯಾಕೆ ಹೊಳೆಯುತ್ತೆ, ಮಿಕ್ಸ್ ಮಾಡಿದಾಗ ಯಾಕೆ ಕೆಸರಾಗುತ್ತೆ, ಯಾಕೆ ಮಾಸುತ್ತೆ, ಮೂರಕ್ಕೂ ಉತ್ತರ ಸಿಗೋ ದಾರಿ ಕಾಣುತ್ತೆ.

ಬೋಂಡಾ ಪೇಪರ್ ಕಲಿಸೋ ವಿಜ್ಞಾನ

ಬೋಂಡಾ ಕಟ್ಟಿಕೊಡೋ ಪೇಪರ್ ನೆನಪಿಸಿಕೊಳ್ಳಿ. ಎಣ್ಣೆ ತಾಗಿದ ಕಡೆ ಪೇಪರ್ ಆಚೆಗಿನ ಬೆರಳು ಕಾಣುತ್ತೆ. ಪೇಪರ್ ತೆಳ್ಳಗೇನೂ ಆಗಿಲ್ಲ. ಮತ್ತೆ ಏನಾಯ್ತು?

ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತೆ, ಒಂದಷ್ಟು ವಾಪಸ್ ಚಿಮ್ಮುತ್ತೆ. ಎಷ್ಟು ಅನ್ನೋದು ಎರಡೂ ವಸ್ತುಗಳ ವಕ್ರೀಭವನ ಸೂಚ್ಯಂಕದ ವ್ಯತ್ಯಾಸದ ಮೇಲೆ ನಿಂತಿದೆ. ಹೈಸ್ಕೂಲಲ್ಲಿ ಮಾರ್ಕ್ಸ್‌ಗೋಸ್ಕರ ಉರುಹೊಡೆದ ಅದೇ ಸೂಚ್ಯಂಕ. ಗಾಳಿಯದ್ದು 1. ಪೇಪರ್ ನಾರಿನದ್ದು ಸುಮಾರು 1.5. ಒಣ ಪೇಪರ್‌ನಲ್ಲಿ ನಾರು ಮತ್ತು ಗಾಳಿ ಅಕ್ಕಪಕ್ಕ ಇರೋದ್ರಿಂದ ಬೆಳಕು ಹೆಜ್ಜೆಹೆಜ್ಜೆಗೂ ಚದುರುತ್ತೆ, ಪೇಪರ್ ಬೆಳ್ಳಗೆ ಕಾಣುತ್ತೆ. ಗಾಳಿಯ ಜಾಗಕ್ಕೆ ಎಣ್ಣೆ ಬಂತು ಅಂದ್ಕೊಳ್ಳಿ. ಎಣ್ಣೆಯ ಸೂಚ್ಯಂಕ ಸುಮಾರು 1.47, ಹೆಚ್ಚುಕಮ್ಮಿ ನಾರಿನಷ್ಟೇ. ವ್ಯತ್ಯಾಸ ಇಲ್ಲ ಅಂದ್ರೆ ಚದುರೋದೂ ಇಲ್ಲ. ಬೆಳಕು ನೇರ ಒಳಗೆ ನುಗ್ಗುತ್ತೆ.

ಪೇಂಟಿಂಗ್‌ನಲ್ಲೂ ಆಗೋದು ಇದೇ. ಪೇಂಟ್ ಅಂದ್ರೆ ಎರಡು ವಸ್ತು: ಬಣ್ಣದ ಪುಡಿ, ಅಂದ್ರೆ ಪಿಗ್ಮೆಂಟ್, ಮತ್ತು ಅದನ್ನ ಹಿಡಿದಿಡೋ ಅಂಟು. ಆಯಿಲ್ ಪೇಂಟ್‌ನಲ್ಲಿ ಅಂಟು ಅಗಸೆ ಎಣ್ಣೆ, ವಾಟರ್‌ಕಲರ್‌ನಲ್ಲಿ ಗೋಂದು. ಸೀಮೆಸುಣ್ಣದ ಪುಡಿಯನ್ನ ಅಗಸೆ ಎಣ್ಣೆಯಲ್ಲಿ ಕಲಸಿದರೆ ಬಿಳುಪು ಮಾಯ ಆಗಿ ಮಬ್ಬು ಪೇಸ್ಟ್ ಆಗುತ್ತೆ, ಯಾಕಂದ್ರೆ ಎರಡರ ಸೂಚ್ಯಂಕ ಹತ್ತಿರ ಹತ್ತಿರ. ಅದೇ ಟೈಟಾನಿಯಂ ವೈಟ್? ಅದರ ಸೂಚ್ಯಂಕ ಸುಮಾರು 2.7. ಎಣ್ಣೆಯಲ್ಲಿ ಹಾಕಿದರೂ ಬೆಳಕನ್ನ ಒಳಗೆ ಬಿಡಲ್ಲ, ಬಾಗಿಲಲ್ಲೇ ವಾಪಸ್ ಕಳಿಸುತ್ತೆ. ಇದು ಅಪಾರದರ್ಶಕ ಬಣ್ಣ. ಗೋಡೆಯ ಕಲೆ ಮುಚ್ಚೋಕೆ ಇದೇ ಬೇಕು.

ಪಾರದರ್ಶಕ ಬಣ್ಣದ ದಾರಿ ಬೇರೆ. ಬೆಳಕು ಬಣ್ಣದ ಪದರ ದಾಟಿ ಕೆಳಗಿರೋ ಬಿಳಿ ಪೇಪರ್‌ಗೆ ತಾಗಿ, ಮತ್ತೆ ಅದೇ ಬಣ್ಣದ ಮೂಲಕ ನಮ್ಮ ಕಣ್ಣಿಗೆ ಬರುತ್ತೆ. ಅಂದ್ರೆ ಎರಡು ಸಲ ಸೋಸಿದ ಬೆಳಕು. ಹೊಳಪು ಬರೋದು ಪೇಪರ್‌ನಿಂದ. ವಾಟರ್‌ಕಲರ್ ಹಾಕುವಾಗ ಪೇಪರ್ ಬಿಳುಪನ್ನ ಉಳಿಸಿಕೊಳ್ಳಿ ಅಂತ ಮೇಷ್ಟ್ರುಗಳು ಹೇಳೋದು ಇದಕ್ಕೇ.

ಒಂದು ತಪ್ಪು ತಿಳಿವಳಿಕೆ ಇಲ್ಲೇ ತಿದ್ದಿಬಿಡೋಣ. ಪಾರದರ್ಶಕ ಅಂದ್ರೆ ತೆಳು ಅಥವಾ ದುರ್ಬಲ ಅಂತಲ್ಲ. ಥಾಲೋ ಬ್ಲೂ ಅನ್ನೋ ನೀಲಿ ಪೂರ್ತಿ ಪಾರದರ್ಶಕ, ಆದರೆ ಸಾಸಿವೆ ಕಾಳಷ್ಟು ಜಾಸ್ತಿ ಬಿದ್ದರೂ ಇಡೀ ಪ್ಯಾಲೆಟ್ ನೀಲಿ. ಹಾಗೇ ನೀರು ಜಾಸ್ತಿ ಹಾಕಿದ ಮಾತ್ರಕ್ಕೆ ಅಪಾರದರ್ಶಕ ಬಣ್ಣ ಪಾರದರ್ಶಕ ಆಗಲ್ಲ. ಗೋಡೆ ಕೆಡವಿ ಇಟ್ಟಿಗೆಗಳನ್ನ ದೂರದೂರ ಇಟ್ಟ ಹಾಗೆ ಅಷ್ಟೇ.

ಫೋನ್ ಲೆಕ್ಕ ಬೇರೆ, ಪ್ಯಾಲೆಟ್ ಲೆಕ್ಕ ಬೇರೆ

ನೀವು ಇದನ್ನ ಓದ್ತಿರೋ ಫೋನ್‌ನಲ್ಲಿ ಹಳದಿ ಹೇಗೆ ಬರುತ್ತೆ ಗೊತ್ತಾ? ಕೆಂಪು ಮತ್ತು ಹಸಿರು ಚುಕ್ಕಿಗಳು ಒಟ್ಟಿಗೆ ಉರಿದಾಗ. ಅದೇ ಕೆಂಪು, ಹಸಿರು ಪೇಂಟ್ ಕಲಸಿ ನೋಡಿ, ಬರೋದು ಕಂದು. ಫೋನ್ ಬೆಳಕನ್ನ ಕೂಡುತ್ತೆ. ಪೇಂಟ್ ಬೆಳಕನ್ನ ಕಳೆಯುತ್ತೆ.

ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಬಿಳಿ ಬೆಳಕು ಅಂದ್ರೆ ಗ್ರಾಸ್ ಸ್ಯಾಲರಿ. ಪ್ರತಿ ಪಿಗ್ಮೆಂಟೂ ಒಂದು ಡಿಡಕ್ಷನ್. ನಿಮ್ಮ ಕಣ್ಣಿಗೆ ಬರೋದು ಟೇಕ್ ಹೋಮ್. ಹಳದಿ ಪಿಗ್ಮೆಂಟ್ ನೀಲಿ ಬೆಳಕನ್ನ ಕಟ್ ಮಾಡುತ್ತೆ. ಥಾಲೋ ಬ್ಲೂ ಕೆಂಪು ಬೆಳಕನ್ನ ಕಟ್ ಮಾಡುತ್ತೆ. ಎರಡನ್ನೂ ದಾಟಿ ಉಳಿಯೋದು ಹಸಿರು. ಹಳದಿ ಪ್ಲಸ್ ನೀಲಿ ಹಸಿರು ಅಂತ ಒಂದನೇ ಕ್ಲಾಸಲ್ಲಿ ಕಲಿತದ್ದರ ಅಸಲಿ ಕಾರಣ ಇದು. ಹಾಗೇ ಮಜೆಂಟಾ ಹಸಿರು ಬೆಳಕನ್ನ ಕಟ್ ಮಾಡುತ್ತೆ. ಮಜೆಂಟಾ ಮತ್ತು ಹಳದಿ ಸೇರಿದರೆ ಹಸಿರೂ ಹೋಯ್ತು, ನೀಲಿಯೂ ಹೋಯ್ತು, ಉಳಿದದ್ದು ಕೆಂಪು. ಇದನ್ನ ನೆನಪಿಟ್ಟುಕೊಳ್ಳಿ, ಕುಂಕುಮಕ್ಕೆ ಬೇಕಾಗುತ್ತೆ.

ಕೆಸರು ಯಾಕೆ ಆಗುತ್ತೆ ಅನ್ನೋದೂ ಇಲ್ಲೇ ಗೊತ್ತಾಗುತ್ತೆ. ಅಗ್ಗದ ಟ್ಯೂಬ್‌ಗಳಲ್ಲಿ ಎಷ್ಟೋ ಸಲ ಎರಡು ಮೂರು ಪಿಗ್ಮೆಂಟ್ ಮೊದಲೇ ಬೆರೆತಿರುತ್ತೆ, ಜೊತೆಗೆ ಬಿಳಿಯೂ ಇರಬಹುದು. ಅಂಥ ಎರಡು ಟ್ಯೂಬ್ ನೀವು ಕಲಸಿದ್ರೆ ಐದಾರು ಡಿಡಕ್ಷನ್. ಟೇಕ್ ಹೋಮ್ ಏನು ಉಳಿಯುತ್ತೆ? ಬೂದುಗಂದು. ತಪ್ಪು ನಿಮ್ಮ ಕೈಯದ್ದಲ್ಲದೆ ಇರಬಹುದು.

ಪಾರದರ್ಶಕ ಬಣ್ಣ ಇದ್ರೆ ಇನ್ನೊಂದು ದಾರಿ ಇದೆ: ಕಲಸೋದೇ ಬೇಡ. ಹಳದಿ ಬಳಿದು, ಪೂರ್ತಿ ಒಣಗಿಸಿ, ಮೇಲೆ ತೆಳ್ಳಗೆ ನೀಲಿ ಬಳಿಯಿರಿ. ಒಂದರ ಮೇಲೊಂದು ಬಣ್ಣದ ಗಾಜು ಇಟ್ಟ ಹಾಗೆ, ಹಸಿರು ಕಾಣುತ್ತೆ. ಇದಕ್ಕೆ ಗ್ಲೇಜಿಂಗ್ ಅಂತಾರೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರೋ ಯಾನ್ ವಾನ್ ಐಕ್‌ನ ಆರ್ನಾಲ್ಫಿನಿ ದಂಪತಿ ಚಿತ್ರದಲ್ಲಿ ಆ ಹೆಂಗಸಿನ ಹಸಿರು ನಿಲುವಂಗಿ ಹಾಗೆ ಆಳವಾಗಿ ಕಾಣೋದು ಇಂಥ ಗ್ಲೇಜ್ ಪದರಗಳಿಂದ. ಬರೆದಿದ್ದು 1434ರಲ್ಲಿ. ಅಪಾರದರ್ಶಕ ಬಣ್ಣದಲ್ಲಿ ಈ ಆಟ ನಡೆಯಲ್ಲ. ನೀಲಿ ಮೇಲೆ ದಪ್ಪಗೆ ಕ್ಯಾಡ್ಮಿಯಂ ಹಳದಿ ಬಳಿದರೆ ನೀಲಿ ಮುಚ್ಚಿಹೋಗುತ್ತೆ, ಮುಗೀತು.

ಪ್ರಿಂಟಿಂಗ್‌ನಲ್ಲೂ ಇದೇ ಕಥೆ. ಪೇಪರ್‌ನ ಪುಟದ ಅಂಚಲ್ಲಿ ನಾಲ್ಕು ಬಣ್ಣದ ಪುಟ್ಟ ಚುಕ್ಕಿಗಳಿರ್ತವಲ್ಲ? ಸಯಾನ್, ಮಜೆಂಟಾ, ಹಳದಿ, ಕಪ್ಪು. ಆ ಮೂರು ಬಣ್ಣದ ಇಂಕ್‌ಗಳೂ ಪಾರದರ್ಶಕ. ಒಂದರ ಮೇಲೊಂದು ಕೂತು ಮದುವೆ ಕಾರ್ಡಿನಿಂದ ಸಿನಿಮಾ ಪೋಸ್ಟರ್‌ವರೆಗೆ ಎಲ್ಲಾ ಬಣ್ಣ ಕೊಡೋದು ಅವೇ.

ನೀಲಿ ಯಾಕೆ ಉಳೀತು, ಕೆಂಪು ಯಾಕೆ ಹೋಯ್ತು?

ಈಗ ಕಟಿಂಗ್ ಶಾಪ್ ಪೋಸ್ಟರ್‌ಗೆ ವಾಪಸ್ ಬರೋಣ. ಅದರ ಸಯಾನ್ ಇಂಕ್ ಅಂದ್ರೆ ಸಾಮಾನ್ಯವಾಗಿ ಇದೇ ಥಾಲೋ ಬ್ಲೂ. ಈ ಬಣ್ಣದ ಕುಟುಂಬ ಸಿಕ್ಕಿದ್ದು ಒಂದು ಆಕಸ್ಮಿಕದಿಂದ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಒಂದು ಡೈ ಫ್ಯಾಕ್ಟರಿಯಲ್ಲಿ ಪಾತ್ರೆಯ ಒಳಗಿನ ಲೇಪ ಬಿರುಕುಬಿಟ್ಟು, ಒಳಗಿದ್ದ ರಾಸಾಯನಿಕ ಕಬ್ಬಿಣಕ್ಕೆ ತಾಗಿ ಗಾಢ ನೀಲಿ ಪುಡಿ ಹುಟ್ಟಿಕೊಳ್ತು. ಆಮೇಲೆ ಕಬ್ಬಿಣದ ಜಾಗಕ್ಕೆ ತಾಮ್ರ ಇಟ್ಟು ಮಾಡಿದ ನೀಲಿ 1935ರಲ್ಲಿ ಮಾರುಕಟ್ಟೆಗೆ ಬಂತು. ಬಿಸಿಲಿಗೆ ಜಗ್ಗದ ಬಣ್ಣ ಅದು. ಕಪ್ಪು ಇಂಕ್‌ನಲ್ಲಿರೋದು ಇಂಗಾಲ, ಅಂದ್ರೆ ಕಾಡಿಗೆ ಮಸಿಯ ಜಾತಿ. ಅದೂ ಹೋಗಲ್ಲ. ಮಾಮೂಲಿ ಪೋಸ್ಟರ್‌ನ ಮಜೆಂಟಾ ಮತ್ತು ಹಳದಿ ಅಷ್ಟು ಗಟ್ಟಿ ಅಲ್ಲ. ಬೆಳಕು, ಅದರಲ್ಲೂ ಅಲ್ಟ್ರಾವಯಲೆಟ್, ಅವುಗಳ ಅಣುಗಳನ್ನ ಮುರಿಯುತ್ತೆ. ಅಣು ಮುರಿದರೆ ಅದು ಬೆಳಕನ್ನ ಕಟ್ ಮಾಡಲ್ಲ. ಡಿಡಕ್ಷನ್ ನಿಂತಿತು ಅಂದ್ರೆ ಬಣ್ಣವೂ ಹೋಯ್ತು.

ಪಾರದರ್ಶಕ ಕೆಂಪುಗಳಿಗೆ ಈ ಕಾಯಿಲೆ ಹಳೇದು. ಬಟ್ಟೆಗೆ ಹಾಕೋ ಕರಗುವ ಬಣ್ಣವನ್ನ ಬಿಳಿ ಪುಡಿಯ ಮೇಲೆ ಕೂರಿಸಿ ಪಿಗ್ಮೆಂಟ್ ಮಾಡ್ತಿದ್ರು. ಅದಕ್ಕೆ ಲೇಕ್ ಅಂತ ಹೆಸರು. ಕೆರೆಗೂ ಅದಕ್ಕೂ ಸಂಬಂಧ ಇಲ್ಲ. ಆ ಪದದ ಬೇರು ನಮ್ಮ ಲಾಕ್ಷಾ, ಅಂದ್ರೆ ಅರಗು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡೋ ಅದೇ ಅರಗು. ಅರಗಿನ ಹುಳುವಿನಿಂದ ಸಿಗೋ ಕೆಂಪು ಯುರೋಪಿನ ಚಿತ್ರಕಾರರವರೆಗೂ ಹೋಗಿತ್ತು. ಇಂಥ ಲೇಕ್ ಕೆಂಪುಗಳು ನೋಡೋಕೆ ಮಾಣಿಕ್ಯ. ಆದರೆ ಎಷ್ಟೋ ಲೇಕ್‌ಗಳಿಗೆ ಬೆಳಕಲ್ಲಿ ಬಾಳಿಕೆ ಕಮ್ಮಿ.

ದೊಡ್ಡ ದೊಡ್ಡವರೇ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಜೋಶುವಾ ರೆನಾಲ್ಡ್ಸ್ ಮುಖಗಳಿಗೆ ಕಾರ್ಮೈನ್ ಅನ್ನೋ ಕೆಂಪು ಬಳಸ್ತಿದ್ದ. ಅವನು ಬದುಕಿದ್ದಾಗಲೇ ಆ ಮುಖಗಳು ಬಿಳಿಚಿಕೊಳ್ಳೋಕೆ ಶುರುವಾದವು. ವಾನ್ ಗೋ 1888ರಲ್ಲಿ ಬರೆದ ತನ್ನ ಮಲಗುವ ಕೋಣೆಯ ಚಿತ್ರದ ಗೋಡೆ ಇವತ್ತು ತಿಳಿನೀಲಿ. ಅವನು ಬಳಿದಿದ್ದು ನೇರಳೆ. ನೇರಳೆಯೊಳಗಿನ ಕೆಂಪು ಹೋಗಿ ನೀಲಿ ಮಾತ್ರ ಉಳಿದಿದೆ. ಕಟಿಂಗ್ ಶಾಪ್ ಪೋಸ್ಟರ್ ಥರಾನೇ! ಇದನ್ನ ಓದಿದಾಗ ನನಗೆ ಸ್ವಲ್ಪ ಸಮಾಧಾನ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ನನ್ನ ತಪ್ಪು ಎರಡು. ಒಂದು, ಡಬ್ಬಿಯಲ್ಲಿದ್ದ ಆ ಕ್ರಿಮ್ಸನ್ ಟ್ಯೂಬ್ ಮೇಲೆ ಒಳಗೇನಿದೆ ಅಂತ ಬರೆದೇ ಇರಲಿಲ್ಲ, ನಾನು ಕೇಳಲೂ ಇಲ್ಲ. ಎರಡು, ಅದನ್ನ ತೆಳ್ಳಗೆ ಬಳಿದಿದ್ದೆ. ಬೇಗ ಮಾಸೋ ಬಣ್ಣವನ್ನ ತೆಳುವಾಗಿ ಬಳಿದಷ್ಟೂ ಇನ್ನೂ ಬೇಗ ಹೋಗುತ್ತೆ, ಯಾಕಂದ್ರೆ ಅಲ್ಲಿ ಇರೋ ಪಿಗ್ಮೆಂಟೇ ಕಡಿಮೆ.

ಆದರೆ ಪಾರದರ್ಶಕ ಬಣ್ಣ ಎಲ್ಲಾ ಮಾಸುತ್ತೆ ಅಂದ್ಕೋಬೇಡಿ. ಥಾಲೋ ಉಳಿಯುತ್ತೆ. 1958ರಲ್ಲಿ ಮಾರುಕಟ್ಟೆಗೆ ಬಂದ ಕ್ವಿನಾಕ್ರಿಡೋನ್ ಅನ್ನೋ ಗುಲಾಬಿ ಕೆಂಪು ಕೂಡ ಪಾರದರ್ಶಕ, ಜೊತೆಗೆ ಬಾಳಿಕೆಯೂ ಚೆನ್ನಾಗಿದೆ. ಬೆಳಕು ಒಳಗೆ ಹೋಗುತ್ತಾ ಅನ್ನೋದು ಒಂದು ಪ್ರಶ್ನೆ. ಬೆಳಕನ್ನ ತಡ್ಕೊಳ್ಳುತ್ತಾ ಅನ್ನೋದು ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ಕೇಳ್ಬೇಕು. ನಾನು ಎರಡನ್ನೂ ಕೇಳಿರಲಿಲ್ಲ.

ಅಜ್ಜಿ ಮನೆಯ ನೆಲ

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತಿದ್ದೆ. ಅದೇ ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅದು ಹಳೇ ಕಾಲದ ರೆಡ್ ಆಕ್ಸೈಡ್ ನೆಲ. ಅಮ್ಮ ಹುಟ್ಟೋಕೆ ಮುಂಚೆ ಹಾಕಿಸಿದ್ದಂತೆ. ಅಷ್ಟು ವರ್ಷದ ಬಿಸಿಲು ಬಿದ್ದರೂ ಕೆಂಪು ಕೆಂಪಾಗೇ ಇದೆ! ಅದೇ ಬಿಸಿಲಲ್ಲಿ ನನ್ನ ಕುಂಕುಮ ಎರಡು ವರ್ಷ ನಿಲ್ಲಲಿಲ್ಲ.

ಆ ನೆಲದ ಬಣ್ಣ ಕಬ್ಬಿಣದ ಆಕ್ಸೈಡ್. ಕೆಮ್ಮಣ್ಣಿನಲ್ಲಿರೋದೂ ಅದೇ, ತುಕ್ಕಿನ ಹತ್ತಿರದ ಸಂಬಂಧಿ. ಬೆಳಕಿಗೆ ಮುರಿಯೋಕೆ ಅಲ್ಲಿ ಏನೂ ಸಿಗಲ್ಲ. ಆದರೆ ಅದರ ಸೂಚ್ಯಂಕ ತುಂಬಾ ಜಾಸ್ತಿ, ಹಾಗಾಗಿ ಸಾಮಾನ್ಯವಾಗಿ ಅದು ಅಪಾರದರ್ಶಕ. ಮಜಾ ಏನಂದ್ರೆ, ಅದೇ ಆಕ್ಸೈಡಿನ ಕಣಗಳನ್ನ ಬೆಳಕಿನ ಅಲೆಯ ಉದ್ದಕ್ಕಿಂತ ತೀರಾ ಚಿಕ್ಕದಾಗಿ ಮಾಡಿದರೆ ಅವು ಬೆಳಕನ್ನ ಸರಿಯಾಗಿ ಚದುರಿಸಲ್ಲ, ಬಿಟ್ಟುಕೊಡ್ತವೆ. ಟ್ರಾನ್ಸ್‌ಪರೆಂಟ್ ರೆಡ್ ಆಕ್ಸೈಡ್ ಅಂತ ಟ್ಯೂಬಲ್ಲಿ ಸಿಗೋದು ಇದೇ. ನೆಲದ ಬಣ್ಣವೇ, ಆದರೆ ಜೇನಿನ ಹಾಗೆ ಬೆಳಕು ಹಾಯುತ್ತೆ. ಅಜ್ಜಿಯ ಮೈಬಣ್ಣಕ್ಕೆ ಹೇಳಿ ಮಾಡಿಸಿದ್ದು.

ಲೇಬಲ್ ಓದೋದು ಬ್ಯಾಲೆನ್ಸ್ ಶೀಟ್ ಓದಿದ ಹಾಗೆ

ಟ್ಯೂಬ್ ಮೇಲಿನ ಚಂದದ ಹೆಸರನ್ನ ನಂಬಬೇಡಿ. ಅದು ಕಂಪನಿ ಇಟ್ಟ ಹೆಸರು, ಅಡ್ವರ್ಟೈಸ್‌ಮೆಂಟ್. ಚಿಕ್ಕ ಅಕ್ಷರದಲ್ಲಿರೋದನ್ನ ನೋಡಿ.

ಮೊದಲನೆಯದು, ಪಿಗ್ಮೆಂಟ್ ಕೋಡ್. ಪಿ ಅಂದ್ರೆ ಪಿಗ್ಮೆಂಟ್, ಎರಡನೇ ಅಕ್ಷರ ಬಣ್ಣ, ಆಮೇಲೆ ಒಂದು ನಂಬರ್. ಪಿಬಿ 15 ಅಂದ್ರೆ ಥಾಲೋ ಬ್ಲೂ. ಪಿವಿ 19 ಒಂದು ಕ್ವಿನಾಕ್ರಿಡೋನ್. ಪಿಆರ್ 83 ಅಂದ್ರೆ ಅಲಿಜರಿನ್ ಕ್ರಿಮ್ಸನ್, ಸುಂದರ, ಆದರೆ ಮಾಸುತ್ತೆ. ಯಾವ ಕಂಪನಿ ಏನೇ ಹೆಸರಿಟ್ಟರೂ ಈ ಕೋಡ್ ಬದಲಾಗಲ್ಲ. ಒಂದೇ ಕೋಡ್ ಇದ್ರೆ ಒಂದೇ ಪಿಗ್ಮೆಂಟ್, ಮಿಕ್ಸಿಂಗ್‌ಗೆ ಅದು ಒಳ್ಳೇದು. ಕೋಡೇ ಇಲ್ಲ ಅಂದ್ರೆ ಪ್ರಾಕ್ಟೀಸ್‌ಗೆ ಇಟ್ಕೊಳ್ಳಿ, ಗೋಡೆ ಮೇಲೆ ಇರಬೇಕಾದ ಚಿತ್ರಕ್ಕೆ ಬೇಡ.

ಎರಡನೆಯದು, ಪುಟ್ಟ ಚೌಕ. ಖಾಲಿ ಚೌಕ ಪಾರದರ್ಶಕ, ಅರ್ಧ ತುಂಬಿದ್ದು ಅರೆ ಪಾರದರ್ಶಕ, ಪೂರ್ತಿ ತುಂಬಿದ್ದು ಅಪಾರದರ್ಶಕ. ಚೌಕ ಇಲ್ಲದಿದ್ರೆ ನೀವೇ ಟೆಸ್ಟ್ ಮಾಡಿ. ವಾಟರ್‌ಪ್ರೂಫ್ ಕಪ್ಪು ಮಾರ್ಕರ್‌ನಲ್ಲಿ ಗೆರೆ ಎಳೆದು, ಒಣಗಿಸಿ, ಮೇಲೆ ಬಣ್ಣ ಬಳಿಯಿರಿ. ಗೆರೆಯ ಮೇಲೆ ಬಣ್ಣ ಕೂತ ಹಾಗೆ ಕಾಣಿಸದೆ ಗೆರೆ ಕಪ್ಪಗೇ ಇದ್ರೆ ಪಾರದರ್ಶಕ. ಗೆರೆ ಮೇಲೆ ಧೂಳು ಬಿದ್ದ ಹಾಗೆ ಕಂಡ್ರೆ ಅಪಾರದರ್ಶಕ.

ಮೂರನೆಯದು, ಬೆಳಕಿಗೆ ಬಾಳಿಕೆ. ಎಎಸ್‌ಟಿಎಂ ರೇಟಿಂಗ್ ಅಂತ ಇದ್ರೆ 1 ಅಥವಾ 2 ಇರಲಿ. ಇದನ್ನೂ ನೀವೇ ಪರೀಕ್ಷೆ ಮಾಡಬಹುದು. ನಾನು ಮಾಡಿದ್ದು ಹೀಗೆ.

ಕಿಟಕಿಯಲ್ಲಿ ಮೂರು ತಿಂಗಳು

ನಾಲ್ಕು ಪಟ್ಟಿ ಬಣ್ಣ ಬಳಿದೆ. ಹಳೇ ಕ್ರಿಮ್ಸನ್, ಪಿವಿ 19, ಪಿವೈ 150 ಅನ್ನೋ ಪಾರದರ್ಶಕ ಹಳದಿ, ಮತ್ತೆ ಪಾರದರ್ಶಕ ರೆಡ್ ಆಕ್ಸೈಡ್, ಅಂದ್ರೆ ಪಿಆರ್ 101. ಹೊಸ ಮೂರರಲ್ಲಿ ಒಂದೊಂದು ಟ್ಯೂಬಿಗೂ ಆ ಇಡೀ ಡಬ್ಬಿಗಿಂತ ಜಾಸ್ತಿ ದುಡ್ಡು. ಪ್ರತಿ ಪಟ್ಟಿಯ ಅರ್ಧ ಭಾಗಕ್ಕೆ ಹಳೇ ಮದುವೆ ಕಾರ್ಡ್ ಮುಚ್ಚಿ, ಫೆಬ್ರವರಿಯಲ್ಲಿ ಅಜ್ಜಿ ಮನೆಯ ಅದೇ ಕಿಟಕಿಗೆ ಅಂಟಿಸಿ ಬಂದೆ. ಉಸ್ತುವಾರಿ ಅಜ್ಜಿಗೆ. ಪ್ರತಿ ಭಾನುವಾರ ಕಾರ್ಡ್ ಎತ್ತಿ ನೋಡಿ, ಕ್ಯಾಲೆಂಡರ್ ಹಿಂದೆ ಬರೆದು, ಫೋನ್‌ನಲ್ಲಿ ವರದಿ ಕೊಡ್ತಿದ್ರು. ಮೂರನೇ ವಾರಕ್ಕೇ, ‘ಒಂದನೇದು ಜ್ವರ ಬಂದೋರ ಥರ ಆಗಿದೆ ಕಣೋ’ ಅಂದ್ರು. ಮೇ ಹೊತ್ತಿಗೆ ಕ್ರಿಮ್ಸನ್ ಪಟ್ಟಿಯ ಮುಚ್ಚಿದ ಅರ್ಧ ಕೆಂಪು, ಬಿಟ್ಟ ಅರ್ಧ ಮಾಸಲು ಗುಲಾಬಿ. ಉಳಿದ ಮೂರರಲ್ಲಿ ಗೆರೆಯೇ ಕಾಣಲಿಲ್ಲ. ಮೂರು ತಿಂಗಳು ಉಳಿದ ಬಣ್ಣ ನೂರು ವರ್ಷ ಉಳಿಯುತ್ತೆ ಅಂತ ಇದರಿಂದ ಹೇಳೋಕೆ ಆಗಲ್ಲ. ಆದರೆ ಕೈಕೊಡೋ ಬಣ್ಣ ಯಾವುದು ಅಂತ ಮೊದಲೇ ಗೊತ್ತಾಗುತ್ತೆ.

ಚಿತ್ರವನ್ನ ಹೊಸದಾಗಿ ಬರೆದೆ. ಮುಖಕ್ಕೆ ನೆಲದ ಬಣ್ಣದ ಆ ಪಾರದರ್ಶಕ ಆಕ್ಸೈಡ್, ತೆಳ್ಳಗೆ ಮೂರು ಪದರ. ಕುಂಕುಮಕ್ಕೆ ಮೊದಲು ಹಳದಿ, ಒಣಗಿದ ಮೇಲೆ ಕ್ವಿನಾಕ್ರಿಡೋನ್. ಹಳದಿ ನೀಲಿಯನ್ನ ಕಳೆಯಿತು, ಗುಲಾಬಿ ಹಸಿರನ್ನ ಕಳೆಯಿತು, ಉಳಿದದ್ದು ಕುಂಕುಮ. ಈ ಸಲ ನೇತುಹಾಕಿದ್ದು ಕಿಟಕಿ ಎದುರಲ್ಲ, ಕಿಟಕಿ ಇರೋ ಗೋಡೆಗೇ. ನೇರ ಬಿಸಿಲು ಅಲ್ಲಿಗೆ ತಾಗಲ್ಲ. ಎಂಥ ಒಳ್ಳೇ ಬಣ್ಣಕ್ಕೂ ನೆರಳು ಒಳ್ಳೇದೇ.

ಹಳೇ ಚಿತ್ರವನ್ನ ಎಸೆಯೋಕೆ ಅಜ್ಜಿ ಬಿಡಲಿಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಕೊಂಡಿದ್ದಾರೆ. ತಾತ ಈಗ ದಿನಾ ಸಂಜೆ ಪೇಟೆಗೆ ಹೋಗಿ ಬರೋವಷ್ಟು ಆರಾಮಾಗಿದ್ದಾರೆ. ಚಿಕ್ಕಮ್ಮ ಹೊಸ ಚಿತ್ರ ನೋಡಿ ಏನೂ ಹೇಳಲಿಲ್ಲ, ತಮ್ಮದೂ ಒಂದು ಬರೆದುಕೊಡು ಅಂದ್ರು.

ಈ ವಾರ ನಿಮಗೊಂದು ಕೆಲಸ. ಮನೆಯಲ್ಲಿರೋ ಬಣ್ಣದ ಡಬ್ಬಿ ತೆಗೆದು ಯಾವ್ಯಾವುದರ ಮೇಲೆ ಕೋಡ್ ಇದೆ ನೋಡಿ. ಮಾರ್ಕರ್ ಗೆರೆ ಎಳೆದು ಟೆಸ್ಟ್ ಮಾಡಿ, ಒಂದು ಪಟ್ಟಿಯನ್ನ ಕಿಟಕಿಗೆ ಅಂಟಿಸಿ. ಯಾರಿಗಾದ್ರೂ ಚಿತ್ರ ಬರೆದುಕೊಡೋ ಪ್ಲಾನ್ ಇದ್ರೆ ಕೊಡೋಕೆ ಮುಂಚೆ ಮಾಡಿ, ನನ್ನ ಹಾಗೆ ಕೊಟ್ಟ ಮೇಲಲ್ಲ. ಮುಂದಿನ ವಾರ ಸಿಗೋಣ. ನಮಸ್ಕಾರ.